ಗಂಟು ತೆಗೆಯುವವರಿಗೂ ಅದನ್ನು ಬಾಟಲಿಗೆ ಹಾಕುವವರಿಗೂ

ಹಂಪಸಾಗರ,
ಹಗರಿಬೊಮ್ಮನಹಳ್ಳಿ ತಾಲ್ಲೂಕು,
ವಿಜಯನಗರ ಜಿಲ್ಲೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆ ಹಾಗೂ ನರ್ಸಿಂಗ್ ಹೋಮ್‌ಗಳ ಶಸ್ತ್ರಚಿಕಿತ್ಸಕರು, ಆಪರೇಷನ್ ಥಿಯೇಟರಿನ ಶುಶ್ರೂಷಕಿಯರು, ಸಹಾಯಕರು ಮತ್ತು ಲ್ಯಾಬ್ ತಂತ್ರಜ್ಞರಿಗೆ,



ಹೆಣ್ಣುಮಗಳೊಬ್ಬಳ ಎದೆಯಿಂದ ಗಂಟು ತೆಗೆದು ಟ್ರೇಗೆ ಹಾಕಿದ ಮೇಲೆ ನಿಮ್ಮ ಗಮನವೆಲ್ಲ ಅವಳ ಕಡೆಗೇ ಇರುತ್ತದೆ. ಇರಬೇಕಾದ್ದೂ ಹಾಗೆಯೇ. ರಕ್ತ ನಿಲ್ಲಬೇಕು, ಹೊಲಿಗೆ ಬೀಳಬೇಕು, ಬಿ.ಪಿ. ಹತೋಟಿಯಲ್ಲಿರಬೇಕು, ಹೊರಗೆ ಕಾದಿರುವವರಿಗೆ ಒಂದು ಮಾತು ಹೇಳಬೇಕು. ಟ್ರೇಯಲ್ಲಿ ಬಿದ್ದ ತುಂಡು ಆ ಹೊತ್ತಿನಲ್ಲಿ ಯಾರಿಗೂ ತುರ್ತಿನದಲ್ಲ. ಆದರೆ ಮುಂದೆ ಒಂದು ವರ್ಷ ಅವಳಿಗೆ ಯಾವ ಚಿಕಿತ್ಸೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ಬಹುಮಟ್ಟಿಗೆ ಆ ತುಂಡು ಟ್ರೇಯಲ್ಲಿ ಎಷ್ಟು ಹೊತ್ತು ಬಿದ್ದಿತ್ತು, ಆಮೇಲೆ ಯಾವ ದ್ರವಕ್ಕೆ ಬಿತ್ತು ಎಂಬುದರ ಮೇಲೆ ನಿಂತಿದೆ. ಈ ಪತ್ರ ಬರೆಯುತ್ತಿರುವುದು ಗಂಟು ದೇಹದಿಂದ ಹೊರಬಂದ ಮೇಲಿನ ಆ ಒಂದು ತಾಸಿನ ಬಗ್ಗೆ.

ನಾನು ಹಂಪಸಾಗರದವಳು. ದುಡಿದದ್ದು ಬೆಂಗಳೂರಿನಲ್ಲಿ, ಹಿಸ್ಟೋಪೆಥಾಲಜಿ ಪ್ರಯೋಗಾಲಯದ ತಂತ್ರಜ್ಞೆಯಾಗಿ. ನಿವೃತ್ತಿಯಾದ ಮೇಲೆ ಈ ಹಿನ್ನೀರಿನ ದಂಡೆಗೆ ಮರಳಿ ಬಂದಿದ್ದೇನೆ. ನೀವು ಕಳಿಸಿದ ತುಂಡುಗಳನ್ನು ಮೇಣದ ಬ್ಲಾಕಿಗೆ ಇಳಿಸುವುದು, ಬ್ಲಾಕಿನಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ ಪೊರೆ ಕೊಯ್ದು ಬೆಚ್ಚನೆಯ ನೀರಿನ ಮೇಲೆ ಹರವಿ ಗಾಜಿಗೆ ಹಿಡಿಯುವುದು, ಅದಕ್ಕೆ ಬಣ್ಣ ಹಾಕುವುದು, ಕೊನೆಯ ಹಲವು ವರ್ಷ ಆಂಟಿಬಾಡಿ ಹಾಕುವುದು ನನ್ನ ಕೆಲಸವಾಗಿತ್ತು. ರೋಗಿಯ ಮುಖ ನಾನು ನೋಡಿದ್ದು ಅಪರೂಪ. ನೋಡಿದ್ದೆಲ್ಲ ಬಾಟಲಿಗಳನ್ನು, ಅವುಗಳ ಮೇಲಿನ ಚೀಟಿಗಳನ್ನು. ನಮ್ಮ ಕಡೆಯ ಊರಿನ ಹೆಸರು ಚೀಟಿಯಲ್ಲಿ ಕಂಡಾಗಲೆಲ್ಲ ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಎದೆ ಒಂದಿಷ್ಟು ಬಡಿದುಕೊಳ್ಳುತ್ತಿತ್ತು. ಒಳಗೆ ಏನಿರುತ್ತದೋ ಎಂದು.

ಏನೇನಿರುತ್ತಿತ್ತು ಎಂದು ಹೇಳಿಬಿಡುತ್ತೇನೆ. ಬೇಸರಿಸಬೇಡಿ, ಯಾರನ್ನೂ ದೂರಲು ಹೇಳುತ್ತಿಲ್ಲ. ಕೆಲವದರಲ್ಲಿ ಸಲೈನ್ ನೀರು. ಕೆಲವದರಲ್ಲಿ ಸ್ಪಿರಿಟ್. ಕೆಲವದರಲ್ಲಿ ಎಷ್ಟು ಭಾಗ ಫಾರ್ಮಲಿನ್, ಎಷ್ಟು ಭಾಗ ನಲ್ಲಿ ನೀರು ಎಂದು ಮೂಗಿಗೂ ತಿಳಿಯದಂಥ ಮಿಶ್ರಣ. ಕಿರಿದಾದ ಬಾಯಿಯ ಬಾಟಲಿಗೆ ಅಷ್ಟು ದೊಡ್ಡ ಗಂಟನ್ನು ತುರುಕಿ ಕಳಿಸಿದ್ದು, ಅದನ್ನು ಹೊರತೆಗೆಯಲು ಬಾಟಲಿಯನ್ನೇ ಕತ್ತರಿಸಬೇಕಾಗಿ ಬಂದದ್ದು. ಕುಡಿಯುವ ನೀರಿನ ಬಾಟಲಿಯಲ್ಲಿ, ಹೆಸರಿಲ್ಲದೆ, ಬಸ್ಸಿನಲ್ಲಿ ಸಂಬಂಧಿಕರ ಮಡಿಲಲ್ಲಿ ಬಂದದ್ದು. ಐಸ್‌ಕ್ರೀಂ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು, ಕೆಡದಿರಲಿ ಎಂಬ ಕಾಳಜಿಯಿಂದಲೇ ಕಳಿಸಿದ್ದೂ ಇತ್ತು. ಕಾಳಜಿಗೆ ಕೊರತೆ ಇರಲಿಲ್ಲ. ತುಂಡು ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಏನು ಮಾಡುತ್ತಾರೆ ಎಂದು ಹೇಳಿಕೊಟ್ಟವರಿರಲಿಲ್ಲ. ಹಾಗಾಗಿ ಮೊದಲು ಅದನ್ನೇ ಹೇಳಲು ಅಪ್ಪಣೆ ಕೊಡಿ.

ನಮ್ಮ ಜೀವಕೋಶಗಳ ಹೊರಪೊರೆಯಲ್ಲಿ ಹಲವು ಬಗೆಯ ಪ್ರೋಟೀನುಗಳು ನಾಟಿಕೊಂಡಿರುತ್ತವೆ. ಹೊರಗಿನಿಂದ ಬರುವ ಸೂಚನೆಯನ್ನು ಹಿಡಿದು ಒಳಕ್ಕೆ ದಾಟಿಸುವ ಇವನ್ನು ರಿಸೆಪ್ಟರ್ ಎನ್ನುತ್ತಾರೆ. ಅವುಗಳಲ್ಲೊಂದು ಹರ್-2. ಅದರ ಒಂದು ಭಾಗ ಕೋಶದ ಹೊರಗೆ, ಒಂದು ಸಣ್ಣ ಭಾಗ ಪೊರೆಯೊಳಗೆ, ಇನ್ನೊಂದು ಭಾಗ ಕೋಶದ ಒಳಗೆ ಚಾಚಿಕೊಂಡಿರುತ್ತದೆ. ಬೆಳೆ, ಒಡೆದು ಎರಡಾಗು ಎಂಬ ಸೂಚನೆ ದಾಟಿಸುವುದರಲ್ಲಿ ಅದಕ್ಕೆ ಪಾತ್ರವಿದೆ. ಸಾಮಾನ್ಯ ಕೋಶದಲ್ಲಿ ಇದು ಮಿತವಾಗಿರುತ್ತದೆ. ಸ್ತನ ಕ್ಯಾನ್ಸರಿನ ನೂರರಲ್ಲಿ ಹದಿನೈದರಿಂದ ಇಪ್ಪತ್ತು ಗಡ್ಡೆಗಳಲ್ಲಿ ಮಾತ್ರ 17ನೇ ವರ್ಣತಂತುವಿನ ಮೇಲಿರುವ ಇದರ ಜೀನು ಹಲವು ಪ್ರತಿಗಳಾಗಿ, ರಿಸೆಪ್ಟರುಗಳು ಪೊರೆಯ ತುಂಬ ಒತ್ತೊತ್ತಾಗಿ ಕೂತಿರುತ್ತವೆ. ಇಂಥ ಗಡ್ಡೆಗಳು ಬೇಗ ಮರುಕಳಿಸುತ್ತವೆ ಎಂದು ಅಮೆರಿಕದ ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಹನ್ನೊಂದು ವರ್ಷಗಳ ಮೇಲೆ, 1998ರಲ್ಲಿ, ಆ ರಿಸೆಪ್ಟರನ್ನೇ ಹೊರಗಿನಿಂದ ಹಿಡಿದು ಕಟ್ಟುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿಗೆ ಅಲ್ಲಿ ಅನುಮತಿ ದೊರೆಯಿತು. ಆಪರೇಷನ್ ಆದ ಹರ್-2 ಪಾಸಿಟಿವ್ ರೋಗಿಗಳಿಗೆ ಕೀಮೋಥೆರಪಿಯ ಜೊತೆಗೆ ಇದನ್ನೂ ಕೊಟ್ಟರೆ ರೋಗ ಮರುಕಳಿಸುವುದು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂದು 2005ರಲ್ಲಿ ದೊಡ್ಡ ಅಧ್ಯಯನಗಳಿಂದ ಗೊತ್ತಾಯಿತು.

ಆ ಕಾಲಕ್ಕೆ ನಮ್ಮವರಿಗೆ ಅದು ಕೈಗೆಟುಕದ ಬೆಲೆಯ ಔಷಧಿ. ಪರೀಕ್ಷೆ ಮಾಡಿ ಪಾಸಿಟಿವ್ ಎಂದು ಬರೆದುಕೊಟ್ಟರೂ ಆ ಕಾಗದ ಹಿಡಿದು ಏನು ಮಾಡಬೇಕು ಎಂದು ಕೇಳುತ್ತಿದ್ದರು. ಈಗ ಹಾಗಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಇದರ ಬಯೋಸಿಮಿಲರನ್ನು, ಅಂದರೆ ಇದಕ್ಕೆ ಸರಿಸಾಟಿಯಾದ ಪ್ರತಿರೂಪವನ್ನು, ಕ್ಯಾನ್‌ಮ್ಯಾಬ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಔಷಧಿಗೆ 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಅನುಮತಿ ಸಿಕ್ಕಿತು, ಅಲ್ಲಿ ಅನುಮತಿ ಪಡೆದ ಮೊದಲ ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್ ಅದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮ್ಯಾಬನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಈಗ ಬೇರೆ ಬೇರೆ ಕಂಪನಿಗಳ ಔಷಧಿ ಇದೆ, ಬೆಲೆ ಇಳಿದಿದೆ. ಔಷಧಿ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿರುವಾಗ, ಅದು ಬೇಕಾದವಳಿಗೆ ತಲುಪದೆ ಹೋಗುವುದಕ್ಕೆ ಒಂದು ಬಾಟಲಿ ಸಲೈನ್ ಕಾರಣವಾಗಬಾರದು. ನನ್ನ ಸಂಕಟವೆಲ್ಲ ಇಲ್ಲಿದೆ.

ಏಕೆಂದರೆ ಯಾರ ಗಡ್ಡೆ ಹರ್-2 ಪಾಸಿಟಿವ್ ಎಂದು ಮುಟ್ಟಿ ನೋಡಿದರೆ ಗೊತ್ತಾಗದು, ಸ್ಕ್ಯಾನಿಂಗಿನಲ್ಲೂ ಗೊತ್ತಾಗದು. ಗೊತ್ತುಮಾಡಿಕೊಳ್ಳುವ ದಾರಿ ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಅಂದರೆ ಐಎಚ್‌ಸಿ ಪರೀಕ್ಷೆ. ಹರ್-2 ಪ್ರೋಟೀನನ್ನು ಮಾತ್ರ ಗುರುತಿಸಿ ಅಂಟಿಕೊಳ್ಳುವಂತೆ ತಯಾರಿಸಿದ ಆಂಟಿಬಾಡಿಯನ್ನು ಗಾಜಿನ ಮೇಲಿನ ಪೊರೆಗೆ ಹನಿಸುತ್ತೇವೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಬಂದ ಪ್ರತಿಕಾಯ ಇದೇ ಜಾತಿಯದು, ಆದರೆ ಇದು ಪ್ರಯೋಗಾಲಯದಲ್ಲಿ ಬೆಳೆಸಿದ್ದು. ಅದು ಹೋಗಿ ಅಂಟಿದ ಕಡೆ ಎರಡನೆಯ ಆಂಟಿಬಾಡಿ, ಅದಕ್ಕೆ ಕಟ್ಟಿದ ಕಿಣ್ವ, ಆಮೇಲೆ ಡ್ಯಾಬ್ ಎಂಬ ರಾಸಾಯನಿಕ, ಹೀಗೆ ಒಂದರ ಮೇಲೊಂದು ಹಾಕಿದರೆ ಹರ್-2 ಇದ್ದಲ್ಲೆಲ್ಲ ಕಂದು ಬಣ್ಣ ಏಳುತ್ತದೆ. ಕೋಶಕೇಂದ್ರಕ್ಕೆ ಹೆಮಟಾಕ್ಸಿಲಿನ್‌ನ ನೀಲಿ ಕೊಡುತ್ತೇವೆ. ಹರ್-2 ತುಂಬಿದ ಗಡ್ಡೆಯಲ್ಲಿ ಪ್ರತಿ ನೀಲಿ ಚುಕ್ಕೆಯ ಸುತ್ತ ಕಂದು ಗೆರೆಯ ಪೂರ್ತಿ ಸುತ್ತು ಕಾಣುತ್ತದೆ. ನೂರು ಕ್ಯಾನ್ಸರ್ ಕೋಶಗಳಲ್ಲಿ ಹತ್ತಕ್ಕಿಂತ ಹೆಚ್ಚಿನವಕ್ಕೆ ಆ ಸುತ್ತು ಗಾಢವಾಗಿ, ಪೂರ್ಣವಾಗಿ ಇದ್ದರೆ 3+, ಅಂದರೆ ಪಾಸಿಟಿವ್. 0 ಮತ್ತು 1+ ನೆಗೆಟಿವ್. 2+ ಬಂದರೆ ಸಂಶಯ, ಜೀನನ್ನೇ ಎಣಿಸುವ ಫಿಶ್ ಪರೀಕ್ಷೆಗೆ ಕಳಿಸಬೇಕು. ಅದು ಬೇರೆಯೇ ಖರ್ಚು, ಬೇರೆಯೇ ಕಾಯುವಿಕೆ.

ಈ ಅಂಕೆಗಳು ಹೇಳುವುದು ಗಡ್ಡೆಯ ಬಗ್ಗೆ ಎಂದು ಎಲ್ಲರೂ ತಿಳಿದಿರುತ್ತಾರೆ. ತುಂಡು ಸರಿಯಾಗಿ ಬಂದಿದ್ದರೆ ಮಾತ್ರ ಅದು ನಿಜ. ಸರಿಯಾಗಿ ಬಾರದಿದ್ದರೆ ಆ ಅಂಕೆ ಹೇಳುವುದು ನಮ್ಮ ಬಾಟಲಿಯ ಬಗ್ಗೆ.

ದೇಹದಿಂದ ಬೇರ್ಪಟ್ಟ ಕ್ಷಣದಿಂದ ತುಂಡಿಗೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಕೋಶದೊಳಗಿನ ಕಿಣ್ವಗಳು ತಮ್ಮ ಮನೆಯನ್ನೇ ತಿನ್ನಲು ತೊಡಗುತ್ತವೆ. ರಿಸೆಪ್ಟರುಗಳೂ ಅದರಲ್ಲಿ ಸೇರಿವೆ. ಬಿಸಿಲು ಹೆಚ್ಚಿದಷ್ಟೂ ಈ ಕೆಲಸ ಚುರುಕಾಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲು ನಿಮಗೆ ನಾನು ಹೇಳಬೇಕಾಗಿಲ್ಲ, ಕಾಯಿಸದ ಹಾಲು ಆ ಬಿಸಿಲಲ್ಲಿ ಎಷ್ಟು ಹೊತ್ತು ತಡೆದೀತು ಎಂದು ಪ್ರತಿ ಮನೆಯ ಹೆಂಗಸಿಗೂ ಗೊತ್ತು. ತಣ್ಣನೆಯ ದೇಶದ ಥಿಯೇಟರಿನಲ್ಲಿ ಕೂತು ಬರೆದ ನಿಯಮಗಳೇ ತುಂಡು ಒಂದು ತಾಸಿನೊಳಗೆ ಫಾರ್ಮಲಿನ್‌ಗೆ ಬೀಳಬೇಕು ಎನ್ನುತ್ತವೆ. ಕರೆಂಟು ಹೋದರೆ ಎ.ಸಿ. ನಿಲ್ಲುವ ನಮ್ಮ ಕಡೆ ಇನ್ನೂ ಬೇಗ ಬೀಳಬೇಕು.

ಫಾರ್ಮಲಿನ್ ಏನು ಮಾಡುತ್ತದೆ? ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಇದ್ದಲ್ಲಿ ಇದ್ದ ಹಾಗೆ ನಿಲ್ಲಿಸುತ್ತದೆ. ಕಿಣ್ವಗಳ ಕೈ ಕಟ್ಟುತ್ತದೆ. ಆದರೆ ಅದಕ್ಕೆ ಅವಸರವಿಲ್ಲ. ಆರಂಭದಲ್ಲೇ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಒಳಗಿಳಿಯುತ್ತದೆ, ಒಳಗೆ ಹೋದಂತೆ ಇನ್ನೂ ನಿಧಾನ. ಲಿಂಬೆ ಗಾತ್ರದ ಗಂಟನ್ನು ಹಾಗೇ ಮುಳುಗಿಸಿದರೆ ಅಂಚು ಗಟ್ಟಿಯಾಗಿ, ನಡುವೆ ಕೊಳೆತಿರುತ್ತದೆ. ಅಂಥ ತುಂಡಿನ ಮೇಲೆ ಆಂಟಿಬಾಡಿ ಹಾಕಿದರೆ ಅಂಚಿನಲ್ಲೊಂದು ಉತ್ತರ, ನಡುವಿನಲ್ಲಿ ಇನ್ನೊಂದು. ಯಾವುದನ್ನು ನಂಬುವುದು? ಸಾಕಷ್ಟು ಹೊತ್ತು ನೆನೆಯದ ತುಂಡು ನಮ್ಮ ಯಂತ್ರದಲ್ಲಿ ಮುಂದಿನ ಹಂತದ ಆಲ್ಕೊಹಾಲಿಗೆ ಹೋದಾಗ ಅಲ್ಲಿ ಬೇರೆ ರೀತಿಯಲ್ಲಿ ಗಟ್ಟಿಯಾಗುತ್ತದೆ. ಅತಿಯಾಗಿ, ದಿನಗಟ್ಟಲೆ ನೆನೆದರೆ ಹೆಣಿಗೆ ಎಷ್ಟು ಬಿಗಿಯಾಗುತ್ತದೆಂದರೆ ಆಂಟಿಬಾಡಿಗೆ ತಾನು ಹುಡುಕುವ ಜಾಗವೇ ಸಿಗದು. ಕುದಿಯುವ ಬಫರಿನಲ್ಲಿಟ್ಟು ಆ ಹೆಣಿಗೆಯನ್ನು ಸ್ವಲ್ಪ ಸಡಿಲಿಸುವ ಉಪಾಯ 1991ರಿಂದ ನಮ್ಮ ಕೈಯಲ್ಲಿದೆ. ಕೊಳೆತದ್ದನ್ನು ಮರಳಿ ತರುವ ಉಪಾಯ ಯಾರ ಕೈಯಲ್ಲೂ ಇಲ್ಲ. ಅದಕ್ಕೇ ಅಂತರರಾಷ್ಟ್ರೀಯ ನಿಯಮ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಎಂದು ಗಡಿ ಹಾಕಿದೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಊರು, ಆಸ್ಪತ್ರೆ ಬೇಡ. ನಮ್ಮ ಹೊಳೆಯ ಸಾಲಿನವಳು, ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವವಳು. ಎದೆಯ ಗಂಟನ್ನು ವರ್ಷದ ಮೇಲೆ ಮುಚ್ಚಿಟ್ಟುಕೊಂಡಿದ್ದವಳನ್ನು ಮಗಳು ಅತ್ತೂ ಕರೆದೂ ಆಸ್ಪತ್ರೆಗೆ ಕರೆದೊಯ್ದಿದ್ದಳು. ಗಂಟನ್ನು ಪೂರ್ತಿ ತೆಗೆದರು. ಎರಡು ದಿನ ಸಲೈನಿನಲ್ಲಿದ್ದ ಅದನ್ನು ಮಗಳೇ ಹಿಡಿದುಕೊಂಡು ಬೆಂಗಳೂರಿಗೆ ಬಂದಳು. ಕ್ಯಾನ್ಸರ್ ಎಂದು ಹೇಳಲು ನಮ್ಮ ಪೆಥಾಲಜಿಸ್ಟರಿಗೆ ಸಾಧ್ಯವಾಯಿತು. ಹರ್-2 ಹೇಳಲು ಆಗಲಿಲ್ಲ. ನಾನು ಬೇರೆ ಬೇರೆ ಬ್ಲಾಕಿನಿಂದ ಪೊರೆ ಕೊಯ್ದುಕೊಟ್ಟೆ, ಅದೇ ಸಾಲಿನ ಕಂಟ್ರೋಲ್ ಸ್ಲೈಡು ಚೆನ್ನಾಗಿ ಕಂದಾಗಿತ್ತು, ಅವಳದು ಮಸುಕು ಮಸುಕಾಗಿ ಕಲೆಸಿಹೋಗಿತ್ತು. ಇನ್ನೊಂದು ತುಂಡು ತೆಗೆದು ಕಳಿಸಿ ಎನ್ನೋಣವೆಂದರೆ ಗಂಟು ಪೂರ್ತಿ ಹೋಗಿತ್ತು. "ಅಕ್ಕಾ, ಹಂಗಾದ್ರ ಆ ಇಂಜೆಕ್ಷನ್ ಬೇಕೋ ಬ್ಯಾಡೋ ಅಂತ ಯಾರು ಹೇಳ್ತಾರ?" ಎಂದು ಮಗಳು ಕೌಂಟರಿನಲ್ಲಿ ನಿಂತು ಕೇಳಿದಳು. ಯಾರೂ ಹೇಳಲಾರರು ಎಂಬುದೇ ಉತ್ತರ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಪೆಥಾಲಜಿಸ್ಟರ ಬಳಿ ಕರೆದುಕೊಂಡು ಹೋದೆ.

ತಪ್ಪು ಎರಡು ದಿಕ್ಕಿನಲ್ಲೂ ಕೊಲ್ಲುತ್ತದೆ ಎಂಬುದನ್ನು ನೆನಪಿಡಿ. ಇರುವ ಹರ್-2 ಕಾಣದೆ ನೆಗೆಟಿವ್ ಎಂದರೆ ಒಬ್ಬಾಕೆ ತನಗೆ ಸಲ್ಲಬೇಕಾದ ಔಷಧಿ ಕಳೆದುಕೊಳ್ಳುತ್ತಾಳೆ. ಇಲ್ಲದ್ದು ಕಂಡು ಪಾಸಿಟಿವ್ ಎಂದರೆ ಇನ್ನೊಬ್ಬಾಕೆ ಮೂರು ವಾರಕ್ಕೊಮ್ಮೆ, ಒಂದು ವರ್ಷ, ತನಗೆ ಉಪಯೋಗವಿಲ್ಲದ ಔಷಧಿಗೆ ಊರು ಬಿಟ್ಟು ಓಡಾಡುತ್ತಾಳೆ. ಅದು ಹೃದಯದ ಶಕ್ತಿ ಕುಂದಿಸಬಲ್ಲ ಔಷಧಿ, ನಡುನಡುವೆ ಎಕೋ ಮಾಡಿಸುತ್ತಿರಬೇಕು. ಅವಳ ಗಂಡ ಹೊಲ ಅಡವಿಟ್ಟಿರುತ್ತಾನೆ. ಇವೆಲ್ಲ ನಮ್ಮಂಥ ಸಣ್ಣ ಊರಿನ ತಾಪತ್ರಯ, ದೊಡ್ಡ ದೇಶಗಳಲ್ಲಿ ಹೀಗಾಗುವುದಿಲ್ಲ ಎಂದು ತಿಳಿಯಬೇಡಿ. ಅಮೆರಿಕದ ತಜ್ಞರು 2007ರಲ್ಲಿ ಹರ್-2 ಪರೀಕ್ಷೆಗೆ ಕಟ್ಟುನಿಟ್ಟಿನ ನಿಯಮ ಬರೆದದ್ದೇ ತಮ್ಮಲ್ಲಿ ಐದರಲ್ಲಿ ಒಂದು ಫಲಿತಾಂಶ ತಪ್ಪಿರಬಹುದು ಎಂದು ಅರಿವಾದ ಮೇಲೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1997ರಿಂದ 2005ರವರೆಗೆ ಮಾಡಿದ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗಳಲ್ಲಿ ಸುಮಾರು 400 ಹೆಂಗಸರ ಫಲಿತಾಂಶ ತಪ್ಪಾಗಿತ್ತು. ಅದು ಕೋಶಕೇಂದ್ರದೊಳಗಿನ ರಿಸೆಪ್ಟರು, ಹರ್-2 ಅಲ್ಲ. ಆದರೆ ವಿಧಾನ ಇದೇ ಐಎಚ್‌ಸಿ. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಅವರ ಆಯೋಗ 2009ರಲ್ಲಿ ಕೊಟ್ಟ ವರದಿಯಲ್ಲಿ ಕಂಡದ್ದು ಬಹುಪಾಲು ನಾವು ದಿನವೂ ಮಾಡುವ ಕೆಲಸಗಳಲ್ಲಿನ ಲೋಪಗಳೇ: ತುಂಡನ್ನು ಕೆಡದಂತೆ ಇಡುವುದು, ಕಂಟ್ರೋಲ್ ನೋಡುವುದು, ಗುಣಮಟ್ಟದ ಮೇಲೆ ಯಾರಾದರೂ ಕಣ್ಣಿಡುವುದು.

ಈಗ ನನ್ನ ಕೋರಿಕೆಗಳು.

ಶಸ್ತ್ರಚಿಕಿತ್ಸಕರೇ, ಎದೆಯ ಗಂಟಿನ ಬಗ್ಗೆ ಸಂಶಯವಿದ್ದರೆ ಅದನ್ನು ಮೊದಲೇ ಪೂರ್ತಿ ತೆಗೆಯಬೇಡಿ. ಟ್ರೂಕಟ್ ಸೂಜಿಯಿಂದ ಕೆಲವು ಎಳೆ ತೆಗೆದು ಕಳಿಸಿ. ದಾರದಂಥ ಆ ಎಳೆಗಳಿಗೆ ಫಾರ್ಮಲಿನ್ ಬೇಗ ಇಳಿಯುತ್ತದೆ. ಆಂಟಿಬಾಡಿ ಸರಿಯಾದ ಉತ್ತರ ಕೊಡುವುದು ಅಂಥ ತುಂಡಿನ ಮೇಲೆಯೇ. ಉತ್ತರ ಬಾರದಿದ್ದರೆ ಗಂಟು ಇನ್ನೂ ಅಲ್ಲೇ ಇರುತ್ತದೆ, ಮತ್ತೆ ತೆಗೆಯಬಹುದು. ಹರ್-2 ಪಾಸಿಟಿವ್ ಬಂದವರಲ್ಲಿ ಅನೇಕರಿಗೆ ಔಷಧಿ ಮೊದಲು, ಆಪರೇಷನ್ ಆಮೇಲೆ ಎಂಬ ಕ್ರಮವನ್ನು ಈಗ ಕ್ಯಾನ್ಸರ್ ತಜ್ಞರು ಅನುಸರಿಸುತ್ತಾರೆ. ಗಂಟನ್ನು ಮೊದಲೇ ತೆಗೆದುಬಿಟ್ಟರೆ ಆ ದಾರಿ ಮುಚ್ಚುತ್ತದೆ. "ತೆಗೆದ್ಬಿಡ್ರಿ ಡಾಕ್ಟ್ರೇ, ಮತ್ತ ಮತ್ತ ಬರಾಕ ಆಗಂಗಿಲ್ಲ" ಎಂದು ಮನೆಯವರು ಒತ್ತಾಯ ಮಾಡುತ್ತಾರೆ, ನನಗೆ ಗೊತ್ತು. ಬಸ್ ಚಾರ್ಜು, ಕೂಲಿ ತಪ್ಪಿದ್ದು, ಹೊಲದ ಕೆಲಸ, ಎಲ್ಲ ನಿಜ. ಆದರೂ ಎರಡು ನಿಮಿಷ ಕೂತು ಹೇಳಿದರೆ ಕೇಳುತ್ತಾರೆ. ನಿಮ್ಮ ಮಾತನ್ನು ಕೇಳದೆ ನಮ್ಮ ಜನ ಇನ್ಯಾರ ಮಾತು ಕೇಳಿಯಾರು.

ಪೂರ್ತಿ ತೆಗೆಯಲೇಬೇಕಾದಾಗ ಅಂಚಿಗೆ ದಾರದ ಗುರುತು ಹಾಕಿ: ಮೇಲ್ಭಾಗಕ್ಕೆ ಗಿಡ್ಡ ದಾರ, ಹೊರಪಕ್ಕಕ್ಕೆ ಉದ್ದ ದಾರ. ಗಂಟು ದೊಡ್ಡದಿದ್ದರೆ ನೀವು ಕಳಿಸುವ ಪೆಥಾಲಜಿಸ್ಟರಿಗೆ ಥಿಯೇಟರಿನಿಂದಲೇ ಒಂದು ಫೋನ್ ಮಾಡಿ. ಎಲ್ಲಿಂದ ಕೊಯ್ದು ಬಿಡಿಸಿದರೆ ಅಂಚು ಕೆಡದೆ ಫಾರ್ಮಲಿನ್ ಒಳಗಿಳಿಯುತ್ತದೆ ಎಂದು ಅವರು ಹೇಳುತ್ತಾರೆ. ಆ ಫೋನನ್ನು ತೊಂದರೆ ಎಂದುಕೊಂಡ ಪೆಥಾಲಜಿಸ್ಟರನ್ನು ನಾನು ಕಂಡಿಲ್ಲ. ಅವರು ಕೊರಗುವುದು ಯಾರೂ ಫೋನು ಮಾಡುವುದಿಲ್ಲ ಎಂದು. ಶನಿವಾರ ಸಂಜೆ ಆಪರೇಷನ್ ಇಟ್ಟುಕೊಂಡರೆ ತುಂಡು ಮಂಗಳವಾರ ಲ್ಯಾಬು ತಲುಪುವಷ್ಟರಲ್ಲಿ 72 ಗಂಟೆ ಹತ್ತಿರವಾಗಿರುತ್ತದೆ, ಅಮಾವಾಸ್ಯೆ, ಜಾತ್ರೆ, ರಜೆ ಸೇರಿದರೆ ದಾಟಿಯೇ ಹೋಗಿರುತ್ತದೆ. ತುರ್ತಿಲ್ಲದ ಗಂಟಿಗೆ ವಾರದ ಮೊದಲ ದಿನಗಳೇ ಮೇಲು.

ಥಿಯೇಟರಿನ ಅಕ್ಕಂದಿರೇ, ತಂಗಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಎಲ್ಲರಿಗಿಂತ ಹೆಚ್ಚು. ಏಕೆಂದರೆ ಕೊನೆಗೆ ಆ ತುಂಡು ಉಳಿಯುವುದು ನಿಮ್ಮ ಕೈಯಲ್ಲಿ. ರೋಗಿಯನ್ನು ಟೇಬಲ್ ಮೇಲೆ ಮಲಗಿಸುವ ಮುಂಚೆಯೇ ಅಗಲ ಬಾಯಿಯ ಡಬ್ಬಿಯಲ್ಲಿ ಫಾರ್ಮಲಿನ್ ತುಂಬಿ, ಹೆಸರು, ವಯಸ್ಸು, ಯಾವ ಬದಿ ಎಂದು ಬರೆದು ಇಟ್ಟಿರಿ. ತುಂಡಿನ ಗಾತ್ರದ ಹತ್ತು ಪಟ್ಟಾದರೂ ಫಾರ್ಮಲಿನ್ ಇರಲಿ. ಚೀಟಿಯ ಮೇಲೆ ಎರಡು ಸಮಯ ಬರೆಯಿರಿ: ದೇಹದಿಂದ ತೆಗೆದದ್ದು ಎಷ್ಟು ಗಂಟೆಗೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ. ನನ್ನ ಸೇವೆಯ ಉದ್ದಕ್ಕೂ ತಾಲ್ಲೂಕು ಕಡೆಯಿಂದ ಬಂದ ಚೀಟಿಗಳಲ್ಲಿ ಈ ಎರಡು ಸಮಯ ಕಂಡದ್ದು ತೀರ ವಿರಳ. ಕಂಡ ದಿನ ಸಂತೋಷವಾಗುತ್ತಿತ್ತು, ಆ ಚೀಟಿಯನ್ನು ಪಕ್ಕದವರಿಗೂ ತೋರಿಸುತ್ತಿದ್ದೆ. ಐಸಿನಲ್ಲಿ ಇಡಬೇಡಿ. ಮಂಜುಗಟ್ಟಿದರೆ ಕೋಶ ಒಡೆಯುತ್ತದೆ. ಸ್ಪಿರಿಟ್ ಬೇಡ, ಸಲೈನ್ ಬೇಡ. ನೀರಿನ ಬಾಟಲಿಯಲ್ಲಿ ಮಾತ್ರ ಎಂದಿಗೂ ಕಳಿಸಬೇಡಿ. ಫಾರ್ಮಲಿನ್ ನೀರಿನಂತೆಯೇ ತಿಳಿಯಾಗಿರುತ್ತದೆ, ಬಸ್ಸಿನಲ್ಲಿ ದಾಹವಾದ ಮಗು ಅದನ್ನು ನೀರೆಂದುಕೊಂಡೀತು. ಫಾರ್ಮಾಲ್ಡಿಹೈಡ್ ತಾನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದೆ. ನೀವೂ ಗ್ಲೌಸ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.

ಲ್ಯಾಬ್ ತಂತ್ರಜ್ಞರೇ, ಆ ಫಾರ್ಮಲಿನ್ ತಯಾರಿಸುವವರು ನೀವು. ಅಂಗಡಿಯಿಂದ ಬರುವ ಗಾಢ ಫಾರ್ಮಲಿನ್ 100 ಮಿಲಿಲೀಟರ್, ಡಿಸ್ಟಿಲ್ಡ್ ವಾಟರ್ 900 ಮಿಲಿಲೀಟರ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೋನೋಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಇಷ್ಟೇ. ಬಫರ್ ಹಾಕದೆ ಬರೀ ನೀರು ಬೆರೆಸಿಟ್ಟ ಫಾರ್ಮಲಿನ್ ದಿನ ಕಳೆದಂತೆ ಹುಳಿಯಾಗುತ್ತದೆ, ತುಂಡಿನ ಮೇಲೆ ಕಪ್ಪು ಕಣಗಳು ಕೂರುತ್ತವೆ, ಆಂಟಿಬಾಡಿಯ ಕೆಲಸವೂ ಕೆಡುತ್ತದೆ. ಈ ಎರಡು ಲವಣಗಳಿಗೆ ಆಗುವ ಖರ್ಚು ಯಾವ ಆಸ್ಪತ್ರೆಗೂ ಭಾರವಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಥಿಯೇಟರಿನ ಗೋಡೆಗೆ ಅಂಟಿಸಿ. ತಯಾರಿಸಿದ ತಾರೀಖನ್ನು ಕ್ಯಾನಿನ ಮೇಲೆ ಬರೆಯಿರಿ.

ಇನ್ನೊಂದು ಮಾತು ಐಎಚ್‌ಸಿ ಮಾಡುವ ಲ್ಯಾಬುಗಳಿಗೆ. ಹೊಸಪೇಟೆ, ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ಇಂಥ ಲ್ಯಾಬುಗಳಲ್ಲಿ ದುಡಿಯುತ್ತಿದ್ದಾರೆ, ಅವರೂ ಇದನ್ನು ಓದಲಿ. ಆಂಟಿಬಾಡಿಯ ಶೀಷೆಯ ಮೇಲೆ "ಸಂಶೋಧನೆಗೆ ಮಾತ್ರ" ಎಂದಿದ್ದರೆ ಅದರಿಂದ ರೋಗಿಯ ರಿಪೋರ್ಟ್ ಕೊಡಬೇಡಿ. ಬೆಲೆ ಕಡಿಮೆ ಎಂದು ಅದನ್ನು ಕೊಳ್ಳುವ ಆಸೆ ಆಗುತ್ತದೆ. ಅದರ ಅಪಾಯವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕೋಶದ ಮೇಲ್ಮೈಯಲ್ಲೇ ಇರುವ ಇನ್ನೊಂದು ರಿಸೆಪ್ಟರ್ ಎರಿಥ್ರೋಪೊಯೆಟಿನ್‌ನದು. ಅದನ್ನು ತೋರಿಸುತ್ತದೆಂದು ಮಾರಲಾಗುತ್ತಿದ್ದ ಸಿ-20 ಎಂಬ ಸಂಶೋಧನಾ ಆಂಟಿಬಾಡಿಯನ್ನು ನಂಬಿ, ಆ ರಿಸೆಪ್ಟರ್ ನಾನಾ ಬಗೆಯ ಗಡ್ಡೆಗಳಲ್ಲಿದೆ ಎಂದು ವರ್ಷಗಟ್ಟಲೆ ಲೇಖನಗಳು ಬಂದವು. 2006ರಲ್ಲಿ ಸ್ಟೀವ್ ಎಲಿಯಟ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದರೆ ಆ ಆಂಟಿಬಾಡಿ ಹೀಟ್ ಶಾಕ್ ಪ್ರೋಟೀನ್ 70 ಎಂಬ ಬೇರೊಂದು ಪ್ರೋಟೀನಿಗೂ ಅಂಟಿಕೊಳ್ಳುತ್ತಿತ್ತು. ಗಾಜಿನ ಮೇಲೆ ಕಂದು ಬಣ್ಣ ಚೆನ್ನಾಗಿಯೇ ಏಳುತ್ತಿತ್ತು, ಅದು ರಿಸೆಪ್ಟರಿನದು ಎನ್ನಲು ಮಾತ್ರ ಆಧಾರವಿರಲಿಲ್ಲ. ಸಂಶೋಧನೆಯಲ್ಲಿ ಇಂಥ ತಪ್ಪಿಗೆ ಇನ್ನೊಂದು ಲೇಖನದಿಂದ ತಿದ್ದುಪಡಿ ಆಗುತ್ತದೆ. ರೋಗಿಯ ದೇಹದಲ್ಲಿ ತಿದ್ದುಪಡಿಗೆ ಸಮಯ ಇರುವುದಿಲ್ಲ. ಹರ್-2ಗೆ ರೋಗನಿರ್ಣಯಕ್ಕೆಂದೇ ಒರೆಹಚ್ಚಿ ಅನುಮತಿ ಪಡೆದ 4ಬಿ5ನಂಥ ಆಂಟಿಬಾಡಿಗಳಿವೆ. ಅವನ್ನೇ ಬಳಸಿ. ಪ್ರತಿ ಸಲವೂ ಪಾಸಿಟಿವ್ ಎಂದು ಮೊದಲೇ ಗೊತ್ತಿರುವ ತುಂಡೊಂದನ್ನು, ನೆಗೆಟಿವ್ ಎಂದು ಗೊತ್ತಿರುವ ತುಂಡೊಂದನ್ನು ರೋಗಿಯ ಸ್ಲೈಡಿನ ಜೊತೆಗೇ ನಡೆಸಿ. ಯಾವ ಕ್ಲೋನ್ ಬಳಸಿದಿರಿ, ತುಂಡು ಎಷ್ಟು ಗಂಟೆ ಫಾರ್ಮಲಿನ್‌ನಲ್ಲಿತ್ತು ಎಂದು ರಿಪೋರ್ಟಿನಲ್ಲಿ ಬರೆಯಿರಿ. ತುಂಡು ಕೆಟ್ಟಿದ್ದರೆ "ಹೇಳಲಾಗದು" ಎಂದೇ ಬರೆಯಿರಿ. ಊಹಿಸಿ ಬರೆದ 1+ಗಿಂತ ಅದು ಸಾವಿರ ಪಾಲು ಮೇಲು.

ಅದರಲ್ಲೂ ಈಗ 1+ಗೂ ಬೆಲೆ ಬಂದಿದೆ. ಹಿಂದೆ 0 ಆದರೇನು, 1+ ಆದರೇನು, ಎರಡೂ ನೆಗೆಟಿವ್ ಎಂದು ಕಣ್ಣು ಮುಚ್ಚುತ್ತಿದ್ದೆವು. 2022ರಿಂದ ಹಾಗಿಲ್ಲ. ರೋಗ ಬೇರೆ ಅಂಗಗಳಿಗೆ ಹರಡಿದವರಲ್ಲಿ, ಹರ್-2 ಕಡಿಮೆ ಮಟ್ಟದಲ್ಲಿ ಇದ್ದರೂ, ಅಂದರೆ 1+ ಅಥವಾ ಫಿಶ್ ನೆಗೆಟಿವ್ ಆದ 2+ ಇದ್ದರೂ, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕ್ಯಾನ್ ಎಂಬ ಔಷಧಿ ಕೆಲಸ ಮಾಡುತ್ತದೆ ಎಂದು ತಿಳಿದುಬಂದಿದೆ. ಅದು ಬಹಳ ದುಬಾರಿ. ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್ಟಿನಲ್ಲಿ ಅದರ ಮೇಲಿನ ಕಸ್ಟಮ್ಸ್ ಸುಂಕ ತೆಗೆದುಹಾಕಿದೆ. ಟ್ರಾಸ್ಟುಜುಮ್ಯಾಬಿನ ಹಾಗೆ ಇದೂ ಒಂದು ದಿನ ನಮ್ಮವರ ಕೈಗೆ ಬರುತ್ತದೆ ಎಂದು ನಾನು ನಂಬಿದ್ದೇನೆ. ಆಗ 0 ಮತ್ತು 1+ ನಡುವಿನ ಆ ತೆಳು ಕಂದು ಗೆರೆ ಕಾಣುವಷ್ಟು ಒಳ್ಳೆಯ ತುಂಡು ನಮ್ಮಲ್ಲಿರಬೇಕು.

ಕಡೆಯದಾಗಿ ಬ್ಲಾಕಿನ ವಿಷಯ. ಮೇಣದ ಬ್ಲಾಕು ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮವರು ಬೆಂಗಳೂರಿನ ಕಿದ್ವಾಯಿಗೆ ಹೋಗಲಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲಿ, ಅಲ್ಲಿ ಮೊದಲು ಕೇಳುವುದು ಸ್ಲೈಡ್, ಬ್ಲಾಕ್ ಎಲ್ಲಿ ಎಂದು. ಜನರ ಕೈಯಲ್ಲಿ ಇರುವುದು ಮಡಿಚಿ ಮಡಿಚಿ ಹರಿದ ರಿಪೋರ್ಟ್ ಮಾತ್ರ. ಬ್ಲಾಕು ಯಾವ ಲ್ಯಾಬಿನಲ್ಲಿದೆ, ಅದರ ನಂಬರು ಏನು ಎಂದು ಡಿಸ್ಚಾರ್ಜ್ ಕಾರ್ಡಿನ ಮೇಲೆ ಬರೆದುಕೊಡಿ. ಬೇಕಾದಾಗ ಕೇಳಿ ತರಬಹುದು ಎಂದು ಕನ್ನಡದಲ್ಲಿ, ಬಾಯಿಬಿಟ್ಟು, ರೋಗಿಯ ಜೊತೆ ಬಂದ ಹೆಣ್ಣುಮಗಳಿಗೆ ಹೇಳಿ. ಗಂಡಸರಿಗೆ ಹೇಳಿದರೆ ಮರೆಯುತ್ತಾರೆ ಎಂದಲ್ಲ, ಆದರೆ ಕಾಗದ ಪತ್ರ ಜೋಪಾನ ಮಾಡುವವರು ನಾನು ಕಂಡಂತೆ ಅಕ್ಕತಂಗಿಯರು, ಹೆಣ್ಣುಮಕ್ಕಳು.

ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೆಂಗಸರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು ಎಂಬುದು ಅಂತರರಾಷ್ಟ್ರೀಯ ಅಂದಾಜು. ನಮ್ಮ ಹೊಳೆಸಾಲಿನ ಹಳ್ಳಿಗಳಲ್ಲಿ, ಕೂಡ್ಲಿಗಿಯ ಬೆದ್ದಲು ಸೀಮೆಯಲ್ಲಿ, ಹಡಗಲಿಯ ಮಲ್ಲಿಗೆ ತೋಟಗಳಲ್ಲಿ ಅವರಲ್ಲಿ ಕೆಲವರಾದರೂ ಇದ್ದಾರೆ. ಅವರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಬೆಂಗಳೂರಿನ ದೊಡ್ಡ ಯಂತ್ರಗಳೂ ಅಲ್ಲಿನ ತಜ್ಞರೂ ಕೆಲಸ ಮಾಡುವುದು ನೀವು ಕೊಟ್ಟ ತುಂಡಿನ ಮೇಲೆ. ಇಷ್ಟು ದೊಡ್ಡ ಜವಾಬ್ದಾರಿ ನಿಮ್ಮ ಮೇಲಿದೆ ಎಂದು ಯಾರೂ ನಿಮಗೆ ಹೇಳಿಲ್ಲ, ಅದಕ್ಕೆ ತಕ್ಕ ಡಬ್ಬಿಯನ್ನೂ ಕೊಟ್ಟಿಲ್ಲ. ಆದ್ದರಿಂದ ಐದೂ ತಾಲ್ಲೂಕುಗಳ ಆಡಳಿತ ವೈದ್ಯಾಧಿಕಾರಿಗಳಲ್ಲಿ ಒಂದು ಬಿನ್ನಹ: ಅಗಲ ಬಾಯಿಯ ಡಬ್ಬಿ, ಬಫರ್ ಸೇರಿದ ಫಾರ್ಮಲಿನ್, ಸಮಯ ಬರೆಯುವ ಕಾಲಂ ಇರುವ ಚೀಟಿ, ಈ ಮೂರನ್ನು ಮುಂದಿನ ಖರೀದಿ ಪಟ್ಟಿಗೆ ಸೇರಿಸಿ.

ಫಾರ್ಮಲಿನ್ ತಯಾರಿಸುವುದನ್ನು, ತುಂಡನ್ನು ಡಬ್ಬಿಗೆ ಹಾಕುವುದನ್ನು, ಚೀಟಿ ಬರೆಯುವುದನ್ನು ನೋಡಿ ಕಲಿಯಬೇಕು ಎನ್ನುವ ಯಾವ ಆಸ್ಪತ್ರೆಗೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಾನು ಬರಲು ಸಿದ್ಧಳಿದ್ದೇನೆ. ಸಂಭಾವನೆ ಬೇಡ. ಅರ್ಧ ದಿನ ಸಾಕು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಊರು ಸೇರಿಕೊಳ್ಳುತ್ತೇನೆ. ಥಿಯೇಟರಿನಲ್ಲಿ ಕೆಲಸ ಮಾಡುವ ಎಲ್ಲರೂ, ನೆಲ ಒರೆಸುವ ಅಕ್ಕನೂ ಸೇರಿ, ಆ ಅರ್ಧ ದಿನ ಕೂತಿರಲಿ ಎಂಬುದೊಂದೇ ನನ್ನ ಷರತ್ತು.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಹಿಸ್ಟೋಪೆಥಾಲಜಿ ತಂತ್ರಜ್ಞೆ,
ಹಂಪಸಾಗರ